ದ್ರಾಕ್ಷಿ ಸೀಮೆಯಲ್ಲಿ ಒಂದು ಲೋಟ ಕಾಫಿ

ನಸುಕಿನಲ್ಲೇ ಅಮ್ಮನನ್ನು ಕಾರಲ್ಲಿ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಿ, ಮಂಜು ನೋಡಿ, ಎಂಟೂವರೆಗೆ ಕೆಳಗಿಳಿದೆವು. ವೈನ್ ತಯಾರಿಸುವ ವೈನರಿ ನೋಡುವ ಟಿಕೆಟ್ ಇದ್ದದ್ದು ಹನ್ನೊಂದಕ್ಕೆ. ನಡುವಿನ ಎರಡೂವರೆ ತಾಸು ಎಲ್ಲಿ ಕೂರಬೇಕು, ಏನು ತಿನ್ನಬೇಕು?

ಬ್ರಂಚ್, ಅಂದರೆ ತಿಂಡಿಗೂ ಊಟಕ್ಕೂ ನಡುವಿನದು, ಎಂದು ಬೋರ್ಡು ಹಾಕಿದ್ದ ಕೆಫೆಯೊಂದು ಸಿಕ್ಕಿತು. "ಅಡುಗೆಮನೆ ಶುರುವಾಗೋದು ಹನ್ನೆರಡಕ್ಕೆ ಸಾರ್" ಎಂದ ಹುಡುಗ. ಹನ್ನೆರಡಕ್ಕೆ ತಿಂದರೆ ಅದು ಊಟ! ಕಾಫಿಯಾದರೂ ಕೊಡಪ್ಪ ಎಂದರೆ, ಮಷೀನಿನ ಗುಂಡಿ ಒತ್ತಿ ಪೇಪರ್ ಕಪ್ಪಿನಲ್ಲಿ ಸಕ್ಕರೆ ನೀರು ತಂದಿಟ್ಟ. 180 ರೂಪಾಯಿ.

ಸಿಟ್ಟು ಆ ಹುಡುಗನ ಮೇಲಲ್ಲ. ದೇಶದ ಕಾಫಿಯಲ್ಲಿ ಶೇ. 70ರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. 2007ರಲ್ಲೇ ವೈನ್ ನೀತಿ ಬಂತು, ಬೆಂಗಳೂರು ನೀಲಿ ದ್ರಾಕ್ಷಿಗೆ ಈ ನೆಲದ್ದೇ ಬೆಳೆ ಎನ್ನುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ವೈನರಿಗಳಲ್ಲಿ ವೈನಿನ ಘಮ, ಹುಳಿ, ಒಗರನ್ನೆಲ್ಲ ಎಷ್ಟು ಪ್ರೀತಿಯಿಂದ ವಿವರಿಸುತ್ತಾರೆ! ಆ ಅಕ್ಕರೆ ಕಾಫಿ ಬೀಜದ ಮೇಲೆ ಯಾಕಿಲ್ಲ? ಚಿಕ್ಕಮಗಳೂರಿನ ಪುಡಿ, ಒಂದು ಫಿಲ್ಟರು, ಕಾದ ಹಾಲು. ಇಷ್ಟೇ ಸಾಕಲ್ಲ. ಬೆಳಗಿನ ತಿಂಡಿಯಿಲ್ಲದೆ ಬರಿಹೊಟ್ಟೆಯಲ್ಲಿ ವೈನ್ ರುಚಿ ನೋಡಲು ಯಾರನ್ನೂ ಕಳಿಸಬಾರದು.

ಕೊನೆಗೆ ಚಿಕ್ಕಬಳ್ಳಾಪುರದ ಕಡೆಗೆ ತಿರುಗಿ, ಒಂದು ದರ್ಶಿನಿಯಲ್ಲಿ ಬಿಸಿ ಇಡ್ಲಿ, ನೊರೆಗಟ್ಟಿದ ಕಾಫಿ ಕಂಡೆವು. ಎಂಥಾ ಕಾಫಿ ಅದು! ಆದರೆ ಕೂರಲು ಕುರ್ಚಿ ಇರಲಿಲ್ಲ. ಅಮ್ಮನಿಗೆ ಮಂಡಿನೋವು, ಗೋಡೆಗೆ ಒರಗಿ ನಿಂತೇ ಕುಡಿದರು.