ಅಂಗವಿಕಲರ ಪಾರ್ಕಿಂಗ್: ಕಾನೂನು ಏನು ಹೇಳುತ್ತದೆ?

ಅಂಗವಿಕಲರಿಗೆ ಪಾರ್ಕಿಂಗ್ ಜಾಗ ಬಿಡಬೇಕೆಂಬ ಕಾನೂನೇ ಇಲ್ಲ ಎನ್ನುವ ಸಂದೇಶ ಕಾಸರಗೋಡಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಇದು ತಪ್ಪು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕೇಂದ್ರದ್ದು. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಒಂದೇ. ಬಸ್, ರೈಲು, ವಿಮಾನ ನಿಲ್ದಾಣಗಳ ಪಾರ್ಕಿಂಗ್ ಅಂಗವಿಕಲರ ಬಳಕೆಗೆ ತಕ್ಕಂತಿರಬೇಕು ಎನ್ನುತ್ತದೆ ಅದರ 41ನೇ ಸೆಕ್ಷನ್. 44ನೇ ಸೆಕ್ಷನ್ ಪ್ರಕಾರ, ಅಂಗವಿಕಲರ ಅನುಕೂಲಕ್ಕಾಗಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳನ್ನು ಪಾಲಿಸದ ನಕ್ಷೆಗೆ ಕಟ್ಟಡ ಕಟ್ಟುವ ಅನುಮತಿ ಕೊಡುವಂತಿಲ್ಲ.

ಅಂಗವಿಕಲರಿಗಾಗಿ ಬಿಟ್ಟ ಖಾಲಿ ಜಾಗ ಕಂಡಾಗ ಸುಮ್ನೆ ವ್ಯರ್ಥ ಅನ್ನಿಸುವುದು ಸಹಜ. ಆದರೆ ವೀಲ್‌ಚೇರ್ ಇಳಿಸಲು ಕಾರಿನ ಬಾಗಿಲು ಪೂರ್ತಿ ತೆರೆಯಬೇಕು, ಅಲ್ವಾ? ನಮ್ಮ ಮಳೆಗಾಲದಲ್ಲಿ ದೂರ ನಿಲ್ಲಿಸಿದರೆ ಅವರು ಒಳಗೆ ಬರುವುದಾದರೂ ಹೇಗೆ?

ಇಂಥ ಸಂದೇಶ ಬಂದರೆ ಕಾಯ್ದೆಯ ಹೆಸರು, ಸೆಕ್ಷನ್ ಇದೆಯೇ ನೋಡಿ. ‘ಇಂಡಿಯಾ ಕೋಡ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಕಾಯ್ದೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು.