ಒಣಹೂವಿಗೆ ಪೂರ್ತಿ ಅರಳುವ ತನಕ ಕಾಯಬೇಕಾ?

‘ಒಣಗಿಸಿ ಇಡುವ ಹೂವು ಯಾವುದೇ ಇರಲಿ, ಗಿಡದಲ್ಲೇ ಪೂರ್ತಿ ಅರಳಲಿ, ಆಮೇಲೆ ಕತ್ತರಿಸಿ ಬಿಸಿಲಿಗೆ ಹಾಕಿ’ ಎನ್ನುವ ಸಲಹೆ ಹರಿದಾಡುತ್ತಿದೆ. ಅರ್ಧ ಮಾತ್ರ ಸರಿ.

ಕಾಗದದಂಥ ಗರಿಗರಿ ಎಸಳಿನ ಸ್ಟ್ರಾಫ್ಲವರ್ ವಿಷಯದಲ್ಲಂತೂ ಇದು ತಪ್ಪೇ. ಈ ಹೂವು ಕತ್ತರಿಸಿದ ಮೇಲೂ ಅರಳುತ್ತಲೇ ಇರುತ್ತದೆ. ಹೊರಗಿನ ಎರಡು ಮೂರು ಸುತ್ತು ಎಸಳು ಬಿಚ್ಚಿ, ನಡುವೆ ಇನ್ನೂ ಮೊಗ್ಗಿನಂತೆ ಮುಚ್ಚಿಕೊಂಡಿರುವಾಗಲೇ ಕೊಯ್ಯಬೇಕು. ನಾನೂ ಒಮ್ಮೆ ಆಸೆಗೆ ಬಿದ್ದು ಕಾದಿದ್ದೆ. ಒಣಗುವಷ್ಟರಲ್ಲಿ ಎಸಳೆಲ್ಲ ಹಿಂದಕ್ಕೆ ಬಾಗಿ, ನಡುವಿನ ಹಳದಿ ಕಂದಾಗಿ, ಮೇಜಿನ ಮೇಲೆಲ್ಲ ಹತ್ತಿಯಂಥ ನವಿರು ಉದುರಿತ್ತು!

ಪುಟ್ಟ ಹೂವು ಗೊಂಚಲಾಗಿ ಬಿಡುವ ಸ್ಟ್ಯಾಟಿಸ್ ಹಾಗಲ್ಲ. ಗೊಂಚಲಿನ ಹೆಚ್ಚಿನ ಹೂವು ಅರಳಿದ ಮೇಲೇ ಕತ್ತರಿಸಬೇಕು. ಪುಟ್ಟ ಚೆಂಡಿನಂಥ ಹೂವು ಬಿಡುವ ಗೊಂಫ್ರೀನಾ ಕೂಡ ಚೆನ್ನಾಗಿ ಗುಂಡಗಾಗಲಿ.

ಇನ್ನು ಬಿಸಿಲು. ಅದು ಬಣ್ಣ ತಿನ್ನುತ್ತದೆ. ಸಣ್ಣ ಕಟ್ಟು ಮಾಡಿ, ಗಾಳಿಯಾಡುವ ಕತ್ತಲೆ ಜಾಗದಲ್ಲಿ ತಲೆಕೆಳಗಾಗಿ ನೇತುಹಾಕಿ. ಕಟ್ಟಲು ರಬ್ಬರ್ ಬ್ಯಾಂಡ್ ಒಳ್ಳೇದು, ದಂಟು ಒಣಗಿ ಸಣ್ಣಗಾದರೂ ಜಾರುವುದಿಲ್ಲ.

ಹೂದಾನಿಗೆ ತಾಜಾ ಜಿನ್ನಿಯಾ ಬೇಕಿದ್ದರೆ ಮಾತ್ರ ಅವಸರ ಬೇಡ. ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕತ್ತು ಬಳುಕಿದರೆ ಇನ್ನೂ ಎಳೆಯದು, ನೀರಿಗಿಟ್ಟರೂ ಜೋತುಬೀಳುತ್ತದೆ. ನೆಟ್ಟಗೆ ನಿಂತರೆ ಕತ್ತರಿಸಿ.