ಸಾಕ್ಸ್ ಕಳಿಸಮ್ಮಾ

ಹೋದ ವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ಮೆಸೇಜು ಬಂತು. ಹದಿನೆಂಟು ತುಂಬಿದ ಪ್ರತಿ ಹುಡುಗನಿಗೂ ಎರಡು ವರ್ಷ ಸೇನೆ ಕಡ್ಡಾಯ ಮಾಡಬೇಕು, ಆಗ ಶಿಸ್ತು ಬರುತ್ತೆ ಅಂತ. ಕಳಿಸಿದ ದೊಡ್ಡಪ್ಪನಿಗೆ 68 ವರ್ಷ. ಕೆಳಗೆ ಹೆಬ್ಬೆರಳು ಎತ್ತಿದವರಲ್ಲಿ ಐವತ್ತಕ್ಕಿಂತ ಚಿಕ್ಕವರು ಒಬ್ಬರೂ ಇಲ್ಲ. ಅಲ್ಲಿ ನಾನು ಏನೂ ಹೇಳಲಿಲ್ಲ. ದೊಡ್ಡಪ್ಪ ಫೇಸ್‌ಬುಕ್‌ನಲ್ಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಒಹಾಯೊದಲ್ಲಿ. ಪಕ್ಕದ ಮನೆಯ ಅಜ್ಜ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ತಾವಾಗಿ ಹೋದವರಲ್ಲ, ಸರ್ಕಾರ ಎಳೆದುಕೊಂಡು ಹೋದದ್ದು. ಕಳೆದ ಚಳಿಗಾಲದಲ್ಲಿ ಒಂದು ದಿನ ಹಳೇ ಶೂ ಡಬ್ಬ ತಂದು ನಮ್ಮ ಊಟದ ಟೇಬಲ್ ಮೇಲಿಟ್ಟರು. ಒಳಗೆ ಅವರು ಅಲ್ಲಿಂದ ಅಮ್ಮನಿಗೆ ಬರೆದ ಕಾಗದಗಳು.

ಅವರನ್ನು ಆರಿಸಿದ ರೀತಿ ಕೇಳಿ. 1969ರ ಡಿಸೆಂಬರ್ 1ರ ರಾತ್ರಿ, ವಾಷಿಂಗ್ಟನ್‌ನಲ್ಲಿ ಒಂದು ಗಾಜಿನ ಜಾಡಿ. ಅದರಲ್ಲಿ 366 ನೀಲಿ ಕ್ಯಾಪ್ಸೂಲು, ಒಂದೊಂದರಲ್ಲೂ ವರ್ಷದ ಒಂದು ತಾರೀಕು. ಮೊದಲು ಕೈಗೆ ಬಂದದ್ದು ಸೆಪ್ಟೆಂಬರ್ 14. 1944ರಿಂದ 1950ರ ನಡುವೆ ಆ ತಾರೀಕಿಗೆ ಹುಟ್ಟಿದ ಹುಡುಗರೆಲ್ಲ ಸಾಲಿನಲ್ಲಿ ಮೊದಲಿಗರು. ಮುಂದಿನ ವರ್ಷ 195ನೆಯದಾಗಿ ಎತ್ತಿದ ತಾರೀಕಿನವರೆಗೂ ಕರೆ ಹೋಯಿತು. ಟೀವಿಯಲ್ಲಿ ಲೈವ್ ತೋರಿಸಿದರು. ಕ್ಯಾಪ್ಸೂಲುಗಳನ್ನು ಸರಿಯಾಗಿ ಕಲಸಿಯೂ ಇರಲಿಲ್ಲ. ವರ್ಷದ ಕೊನೆಯಲ್ಲಿ ಹುಟ್ಟಿದವರಿಗೇ ಜಾಸ್ತಿ ಹೊಡೆತ ಬಿದ್ದಿದೆ ಅಂತ ಸಂಖ್ಯಾಶಾಸ್ತ್ರದವರು ಆಮೇಲೆ ತೋರಿಸಿಕೊಟ್ಟರು. ನಮ್ಮ ಅಜ್ಜ ಹುಟ್ಟಿದ್ದು ಡಿಸೆಂಬರಿನಲ್ಲಿ.

ಆಗ ಅವರು ಇಪ್ಪತ್ತರ ಹುಡುಗ, ಕಾರ್ಖಾನೆ ಕೆಲಸ. ಅವರ ತಮ್ಮ ಕಾಲೇಜಿನಲ್ಲಿದ್ದ. ಕಾಲೇಜು ಹುಡುಗರಿಗೆ ಓದು ಮುಗಿಯುವವರೆಗೆ ವಿನಾಯಿತಿ ಸಿಗುತ್ತಿತ್ತು. ಎಷ್ಟೇ ಕಡ್ಡಾಯ ಅಂದರೂ ಇಂಥದ್ದೊಂದು ಕಿಂಡಿ ಇದ್ದೇ ಇರುತ್ತದೆ. ಅದರಲ್ಲಿ ಯಾರ ಮಕ್ಕಳು ನುಸುಳುತ್ತಾರೆ ಅಂತ ನಮಗೇನು ಗೊತ್ತಿಲ್ವಾ?

ಲಕೋಟೆಗಳ ಮೇಲೆ ಅಂಚೆಚೀಟಿ ಇಲ್ಲ. ಆ ಜಾಗದಲ್ಲಿ ಕೈಬರಹದಲ್ಲಿ 'ಫ್ರೀ' ಅಂತಿದೆ. ಅಲ್ಲಿದ್ದ ಸೈನಿಕರ ಕಾಗದಕ್ಕೆ ಅಂಚೆ ಖರ್ಚು ಇರಲಿಲ್ಲ. ಒಡೆದು ಓದಿದರೆ ಯುದ್ಧವೇ ಇಲ್ಲ. ಬರೀ ಮಳೆ. ಮಳೆ ನಿಲ್ಲುತ್ತಿಲ್ಲ, ಸಾಕ್ಸ್ ಒಣಗುತ್ತಿಲ್ಲ, ಇನ್ನೂ ನಾಲ್ಕು ಜೊತೆ ಕಳಿಸಮ್ಮಾ. ಕೂಲ್-ಏಡ್ ಶರಬತ್ತಿನ ಪುಡಿ ಕಳಿಸು, ಶುದ್ಧ ಮಾಡೋ ಮಾತ್ರೆ ಹಾಕಿದ ನೀರು ಬಾಯಿಗೆ ಇಡೋಕಾಗಲ್ಲ. ನಾಯಿ ಹೇಗಿದೆ? ಕಾರಿನ ಕೀಲಿ ತಮ್ಮನ ಕೈಗೆ ಕೊಡಬೇಡ. ಮೇಲೆ ಮೂಲೆಯಲ್ಲೊಂದು ನಂಬರು, 241. ಮುಂದಿನ ಕಾಗದದಲ್ಲಿ 233. ಸೇನೆಯ ಹುಡುಗರಿಗೆ ಅಲ್ಲಿ ಒಂದು ವರ್ಷದ ಪಾಳಿ. ಮನೆಗೆ ಹೊರಡಲು ಇನ್ನೆಷ್ಟು ದಿನ ಅಂತ ಎಲ್ಲರೂ ಎಣಿಸುತ್ತಿದ್ದವರೇ.

"ಇದರಲ್ಲಿ ಏನೂ ಇಲ್ವಲ್ಲ" ಅಂದುಬಿಟ್ಟೆ.

"ಅಮ್ಮನಿಗೆ ಬರೆದದ್ದಲ್ವಾ" ಅಂದರು.

ಎರಡನೇ ಮಹಾಯುದ್ಧದಲ್ಲಿ ಸೇನೆಯೇ ಸೈನಿಕರ ಕಾಗದ ಓದಿ ಕತ್ತರಿ ಹಾಕುತ್ತಿತ್ತು. ವಿಯೆಟ್ನಾಂನಲ್ಲಿ ಆ ಕತ್ತರಿ ಇರಲಿಲ್ಲ, ಏನು ಬೇಕಾದರೂ ಬರೆಯಬಹುದಿತ್ತು. ಆದರೂ ಈ ಹುಡುಗ ತಾನೇ ಕತ್ತರಿ ಹಾಕಿಕೊಂಡು ಕೂತಿದ್ದ. ನಿಜ ಏನಿದ್ದರೂ ತಮ್ಮನ ಹಾಸ್ಟೆಲ್ ವಿಳಾಸಕ್ಕೆ ಹೋಗುತ್ತಿತ್ತಂತೆ. ಆ ಕಾಗದಗಳನ್ನು ಅಜ್ಜ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಪ್ರತಿಯೊಂದರ ಕೊನೆಯಲ್ಲೂ ಬರೆಯುತ್ತಿದ್ದ ಒಂದು ಸಾಲು ಮಾತ್ರ ಹೇಳಿದರು. "ಏನೇ ಆಗಲಿ, ಕಾಲೇಜು ಬಿಡಬೇಡ."

ಶಿಸ್ತು ಬಂತಾ ಅಂತ ಕೇಳಿದೆ, ದೊಡ್ಡಪ್ಪನ ಪರವಾಗಿ. ನಕ್ಕರು. "ಹಾಸಿಗೆ ನೀಟಾಗಿ ಹಾಸೋದು ಬಂತು."

ಸೇನೆಯ ಬಗ್ಗೆ ಹಗುರವಾಗಿ ಮಾತಾಡುತ್ತಿಲ್ಲ. ನಮ್ಮ ಭಾರತದಲ್ಲಿ ಸೇನೆಗೆ ಸೇರುವವರು ತಾವಾಗಿ ಸೇರುತ್ತಾರೆ. ತಾನೇ ಒಪ್ಪಿ ಹೋದವನಿಗೂ ಭಯ ಇರುತ್ತದೆ, ಆದರೆ ಆ ಭಯ ಅವನದು. ಜಾಡಿಯಿಂದ ತಾರೀಕು ಎತ್ತಿ ಕಳಿಸಿದ ಹುಡುಗನ ಭಯಕ್ಕೆ ಯಾರು ಜವಾಬ್ದಾರಿ? ಮೆಸೇಜು ಫಾರ್ವರ್ಡ್ ಮಾಡಿದವರಂತೂ ಅಲ್ಲ. ಶಿಸ್ತೇ ಬೇಕಿದ್ದರೆ ಮೊದಲು ನಾವು ದೊಡ್ಡವರು ಕೆಂಪು ಸಿಗ್ನಲ್‌ನಲ್ಲಿ ನಿಲ್ಲೋಣ.

ವಾಷಿಂಗ್ಟನ್‌ನಲ್ಲಿ ಆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಪ್ಪು ಗೋಡೆ ಇದೆ, 1982ರದ್ದು. 58 ಸಾವಿರಕ್ಕೂ ಜಾಸ್ತಿ ಹೆಸರು. ಜನ ಇವತ್ತಿಗೂ ಅದರ ಬುಡದಲ್ಲಿ ಕಾಗದ ಇಟ್ಟು ಬರುತ್ತಾರೆ. ಆ ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಕನ್ನಡಿಯ ಹಾಗೆ ಹೊಳೆಯುತ್ತದೆ ಅಂತಲೇ ಅದನ್ನು ಆರಿಸಿದ್ದು. ಅಜ್ಜನಿಗೆ ಇದನ್ನು ಹೇಳಿದೆ. "ಹೌದಾ, ಅದಕ್ಕೇ ಹೆಸರು ಹುಡುಕೋಕೆ ಹೋದರೆ ನನ್ನ ಮುಖವೇ ಕಾಣುತ್ತೆ" ಅಂದವರು ಸ್ವಲ್ಪ ಹೊತ್ತು ಸುಮ್ಮನೆ ಕಾಫಿ ಕುಡಿದರು.

ಕಾಗದಗಳನ್ನು ವಾಪಸ್ ಜೋಡಿಸುವಾಗ ನೋಡಿದೆ, ಒಂದು ಲಕೋಟೆ ಮಾತ್ರ ಒಡೆದಿರಲಿಲ್ಲ. ಕೊನೆಯದು. ಅಜ್ಜ ವಿಮಾನ ಹತ್ತಿ ಮನೆ ಸೇರಿದ ಮೂರು ದಿನದ ಮೇಲೆ ಅಂಚೆಯವನು ತಂದುಕೊಟ್ಟನಂತೆ. ಅಮ್ಮ ಅದನ್ನು ಒಡೆಯದೆ ಹಾಗೇ ಡಬ್ಬಕ್ಕೆ ಹಾಕಿದರಂತೆ.

"ಏನು ಬರೆದಿದ್ರಿ?"

"ಸಾಕ್ಸ್ ಇನ್ನು ಕಳಿಸಬೇಡ ಅಂತ ಇರಬೇಕು" ಅಂದು ಡಬ್ಬ ಮುಚ್ಚಿದರು.